ಕೊರಡು ಕೊನರಿದ ಕಥೆ

ಕರೆಂಟ್ ಬಿಲ್ಲಿಗೂ ಲಾಗಿನ್, ರೈಲು ಟಿಕೇಟಿಗೂ ಲಾಗಿನ್, ತಿರುಪತಿ ತಿಮ್ಮಪ್ಪನ ದರ್ಶನಕ್ಕೂ ಲಾಗಿನ್. ಇಷ್ಟು ಬಾಗಿಲು ಕಾಯುವ ಈ ‘ಲಾಗ್’ ಯಾರಪ್ಪಾ ಎಂದು ಹುಡುಕಿ ಹೊರಟರೆ ಕೊನೆಗೆ ಸಿಗುವುದು ಒಂದು ಮರದ ತುಂಡು. ಶುದ್ಧ ಕೊರಡು.

ಹಾಯಿಹಡಗಿನ ಕಾಲದಲ್ಲಿ ವೇಗ ಅಳೆಯಲು ಇಂಗ್ಲಿಷ್ ನಾವಿಕರಿಗೆ ಅದೇ ಗತಿ. ಹಗ್ಗ ಕಟ್ಟಿದ ಹಲಗೆಯೊಂದನ್ನು ಹಡಗಿನ ಹಿಂಬದಿಯಿಂದ ನೀರಿಗೆ ಬಿಸಾಡುವುದು. ಒಂದಂಚಿಗೆ ಸೀಸ ಕೂರಿಸಿರುವುದರಿಂದ ಅದು ನೆಟ್ಟಗೆ ನಿಂತು ಇದ್ದಲ್ಲೇ ಇರುತ್ತದೆ. ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತದೆ. ಹಗ್ಗದಲ್ಲಿ 47 ಅಡಿ 3 ಅಂಗುಲಕ್ಕೊಂದು ಗಂಟು. 28 ಸೆಕೆಂಡಿನ ಮರಳುಗಡಿಯಾರ ಖಾಲಿಯಾಗುವಷ್ಟರಲ್ಲಿ ಕೈಯಿಂದ ಎಷ್ಟು ಗಂಟು ಜಾರಿತೋ, ಗಂಟೆಗೆ ಅಷ್ಟು ನಾಟಿಕಲ್ ಮೈಲಿ. ಗಂಟಿನಿಂದ ಗಂಟೆಯ ಲೆಕ್ಕ! ಕನ್ನಡಿಗನೇ ಯಾರೋ ಕೂತು ಹೊಸೆದ ಹಾಗಿದೆ. ವಿಮಾನದ ಪೈಲಟ್ಟುಗಳೂ ಇಂದಿಗೂ ವೇಗ ಹೇಳುವುದು ಈ ಗಂಟುಗಳಲ್ಲೇ, ಅಂದರೆ ‘ನಾಟ್’ಗಳಲ್ಲೇ.

ಎಣಿಸಿದ್ದನ್ನು ಬರೆದಿಡುವ ಪುಸ್ತಕ ಲಾಗ್‌ಬುಕ್ ಆಯಿತು. ಅದರೊಳಕ್ಕೆ ಗಾಳಿ, ದಿಕ್ಕು, ಕುಡಿದು ಛಡಿಯೇಟು ತಿಂದ ನಾವಿಕನ ಹೆಸರು ಎಲ್ಲವೂ ನುಗ್ಗಿ, ಬರೆದಿಡುವ ಕೆಲಸಕ್ಕೇ ‘ಲಾಗ್’ ಎಂಬ ಹೆಸರು ಅಂಟಿತು. ಆಮೇಲೆ ಕೊರಡು ಕೊನರಿತು. 1960ರ ದಶಕದಲ್ಲಿ ಒಂದೇ ಕಂಪ್ಯೂಟರನ್ನು ಹತ್ತಾರು ಜನ ಹಂಚಿಕೊಂಡಾಗ ಯಾರು ಬಂದರು, ಎಷ್ಟು ಹೊತ್ತು ಕೂತರು ಎಂಬ ಲೆಕ್ಕ ಬೇಕಾಯಿತು. ಹಡಗಿನ ಪದ ಅಲ್ಲಿ ಲಾಗಿನ್ನಾಗಿ ಚಿಗುರಿತು. ಬ್ಲಾಗು, ವ್ಲಾಗುಗಳೂ ಅದರ ಟಿಸಿಲುಗಳೇ.

ನನಗೆ ಅತ್ಯಂತ ಪ್ರಿಯವಾದ ತಾರೀಖು 1969ರ ಅಕ್ಟೋಬರ್ 29. ಅಂದು ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಕಂಪ್ಯೂಟರಿಗೆ ಆರ್ಪಾನೆಟ್ ಜಾಲದ ಮೊಟ್ಟಮೊದಲ ಸಂದೇಶ ಹೊರಟಿತು. ಕಳಿಸಬೇಕಿದ್ದ ಪದ ‘ಲಾಗಿನ್’. ಎಲ್ ಹೋಯಿತು, ಓ ಹೋಯಿತು, ಯಂತ್ರ ಕುಸಿದು ಬಿತ್ತು. ಇಂಟರ್ನೆಟ್ಟಿನ ಮುತ್ತಜ್ಜನಿಗೇ ಮೊದಲ ಸಲ ಲಾಗಿನ್ ಆಗಲಿಲ್ಲ! ಸುಮಾರು ಒಂದು ಗಂಟೆಯ ನಂತರ ಆಯಿತಂತೆ. ನನ್ನ ಸರಾಸರಿಗೆ ಹೋಲಿಸಿದರೆ ಮಿಂಚಿನ ವೇಗ.

ನಾನು ಹೆಣಗುವ ಜಾಲತಾಣವೊಂದು ಓಟಿಪಿಗೆ ಕೊಡುವ ಕಾಲ 30 ಸೆಕೆಂಡು. ಮರಳುಗಡಿಯಾರಕ್ಕಿಂತ ಎರಡು ಸೆಕೆಂಡು ಉದಾರಿ. ಕನ್ನಡಕ ಸಿಗುವಷ್ಟರಲ್ಲಿ ಗಡುವು ಮುಗಿದು, ಟ್ರಾಫಿಕ್ ದೀಪದ ಚಿತ್ರಗಳನ್ನು ಮುಂದಿಟ್ಟು, ರೋಬೋಟ್ ಅಲ್ಲವೆಂದು ರುಜುವಾತು ಮಾಡು ಎನ್ನುತ್ತದೆ. ಕಂಬವೂ ದೀಪದ ಲೆಕ್ಕಕ್ಕೆ ಸೇರುತ್ತದೋ ಇಲ್ಲವೋ ಎಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಹೆಂಡತಿ ಅಡುಗೆಮನೆಯಿಂದಲೇ ಕೂಗಿದಳು:

“ನೀವು ರೋಬೋಟ್ ಅಲ್ಲ ಅಂತ ನಾನೇ ಬರ್ಕೊಡ್ತೀನಿ ಬಿಡ್ರೀ. ಅದು ಹೇಳಿದ ಕೆಲಸ ಮಾಡತ್ತೆ.”