ಒಲೆಯ ಮೇಲಿನ ಹಾಲು

ಯಾರಾದರೂ ‘ಒಂದು ಸಲ ನೋಡಿ, ನಿಮಗೇ ಗೊತ್ತಾಗುತ್ತೆ’ ಎಂದರೆ ನನಗೆ ಭಯ. ಈ ಮಾತು ನಂಬಿಯೇ ಮೂರು ತಿಂಗಳು ಮೆಂತ್ಯದ ನೀರು ಕುಡಿದವನು ನಾನು. ಎರಡು ಚೀಟಿಯಲ್ಲಿ ದುಡ್ಡೂ ಕಳೆದುಕೊಂಡಿದ್ದೇನೆ. ಹಾಗಾಗಿ ಪಕ್ಕದ ಮನೆಯ ಮೇಷ್ಟ್ರು, ಯಾವ ಭಾನುವಾರವೂ ಚರ್ಚು ತಪ್ಪಿಸದವರು, ಕಾಂಪೌಂಡಿನ ಮೇಲೆ ಕೈಯೂರಿ, ‘ಒಂದು ಕ್ರಿಶ್ಚಿಯನ್ ರೇಡಿಯೊ ಕಾರ್ಯಕ್ರಮ ಇದೆ, ಕೇಳಿ ನೋಡಿ ಸಾರ್’ ಎಂದಾಗ ಒಲೆಯ ಮೇಲೆ ಹಾಲಿಟ್ಟದ್ದು ತಟ್ಟನೆ ನೆನಪಾಯಿತು. ಹಾಲು ಇಟ್ಟಿರಲಿಲ್ಲ.

ಕಾರ್ಯಕ್ರಮದ ಹೆಸರು ‘ಅನ್‌ಬಿಲೀವಬಲ್?’. ನಾನು ಸೋತದ್ದು ಕೊನೆಯ ಆ ಪ್ರಶ್ನಾರ್ಥಕ ಚಿಹ್ನೆಗೆ. ದೇವರ ವಿಷಯದ ಬೋರ್ಡುಗಳಲ್ಲಿ ಆಶ್ಚರ್ಯಸೂಚಕ ಧಾರಾಳ, ಪ್ರಶ್ನೆ ಅಪರೂಪ.

ಲಂಡನ್ನಿನ ಪ್ರೀಮಿಯರ್ ಕ್ರಿಶ್ಚಿಯನ್ ರೇಡಿಯೊದಲ್ಲಿ ಇದು ಶುರುವಾದದ್ದು 2005ರಲ್ಲಿ. 2023ರವರೆಗೆ ನಡೆಸಿಕೊಟ್ಟವರು ಜಸ್ಟಿನ್ ಬ್ರೈರ್ಲಿ. ಒಬ್ಬ ಆಸ್ತಿಕ, ಒಬ್ಬ ನಾಸ್ತಿಕ ಎದುರುಬದುರು ಕೂತು ಮಾತಾಡುತ್ತಾರೆ. ಇನ್ನೊಬ್ಬನ ಮಾತು ಮುಗಿಯುವವರೆಗೆ ಕಾಯುತ್ತಾರೆ! ನಮ್ಮ ಸಂಜೆಯ ಟಿವಿ ಚರ್ಚೆ ನೋಡಿ ಬೆಳೆದ ನನ್ನ ಕಿವಿಗೆ, ಮೊದಲ ಐದು ನಿಮಿಷ ನೆಟ್‌ವರ್ಕ್ ಹೋಗಿದೆಯೇನೋ ಅನ್ನಿಸಿತ್ತು.

2022ರ ಒಂದು ಕಂತಿನಲ್ಲಿ ರಿಚರ್ಡ್ ಡಾಕಿನ್ಸ್ ಮತ್ತು ಫ್ರಾನ್ಸಿಸ್ ಕಾಲಿನ್ಸ್ ಇದ್ದಾರೆ. ಇಬ್ಬರೂ ಜೀವವಿಜ್ಞಾನ ಬಲ್ಲವರೇ. ಮೊದಲನೆಯವರು ದೇವರೆಂಬುದು ಭ್ರಮೆ ಎಂದು ಪುಸ್ತಕ ಬರೆದವರು. ಎರಡನೆಯವರು ಮಾನವ ಜೀನೋಮ್ ಯೋಜನೆಯನ್ನು ಮುನ್ನಡೆಸಿಯೂ ಕ್ರಿಸ್ತನನ್ನು ನಂಬಿದವರು. ಅದನ್ನು ಕೇಳುತ್ತಾ ನಾನು ನೆನೆಸಿದ ಅವರೆಕಾಳು ಹಿತುಕುತ್ತಿದ್ದೆ. ಕಾಳನ್ನು ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಬರುತ್ತದೆ, ಸಿಪ್ಪೆ ಬೆರಳಿಗೆ ಅಂಟುತ್ತದೆ. ಇಬ್ಬರೂ ಸರಿ ಅನ್ನಿಸತೊಡಗಿದ ಯಾವುದೋ ಘಳಿಗೆಯಲ್ಲಿ ಸಿಪ್ಪೆ ಪಾತ್ರೆಗೂ ಬೇಳೆ ಕಸದ ಬುಟ್ಟಿಗೂ ಬೀಳಹತ್ತಿತು. ಅಂತಿಮ ತೀರ್ಪು ನನ್ನ ಹೆಂಡತಿಯದು. ಅದರಲ್ಲಿ ಪ್ರಶ್ನಾರ್ಥಕ ಇರಲಿಲ್ಲ.

ಸುವಾರ್ತೆ ಸಾರುವುದೇ ಕಾರ್ಯಕ್ರಮದ ಉದ್ದೇಶ, ಅದನ್ನವರು ಮುಚ್ಚಿಡುವುದೂ ಇಲ್ಲ. ಆದರೆ ಎದುರಾಳಿಗೆ ಕುರ್ಚಿ ಹಾಕಿ ಕೂರಿಸಿ ಸಾರುತ್ತಾರಲ್ಲ, ಅದು ನನಗೆ ಹಿಡಿಸಿತು. ಕೆಲವು ಕಂತುಗಳಲ್ಲಿ ತತ್ತ್ವಶಾಸ್ತ್ರ ಗಟ್ಟಿಯಾಗಿ ನಿದ್ದೆ ಬರುವುದುಂಟು, ಅದನ್ನೂ ಹೇಳಿಬಿಡುತ್ತೇನೆ. ಹತ್ತು ವರ್ಷ ನಾಸ್ತಿಕರೊಂದಿಗೆ ಮಾತಾಡಿದ ಮೇಲೂ ತಾನೇಕೆ ಕ್ರೈಸ್ತನಾಗಿಯೇ ಉಳಿದೆ ಎಂದು ಬ್ರೈರ್ಲಿ 2017ರಲ್ಲಿ ಪುಸ್ತಕವನ್ನೇ ತಂದರು. ನಮ್ಮ ಭಾವನ ಜೊತೆ ಹತ್ತು ನಿಮಿಷ ಕೂತಿದ್ದರೆ ಏನಾಗುತ್ತಿತ್ತೋ!

ಭಾವ ಕಟ್ಟಾ ವಿಚಾರವಾದಿ. ಮೊನ್ನೆ ಅವರಿಗೆ ಫೋನು ಮಾಡಿ ಈ ಕಾರ್ಯಕ್ರಮದ ಬಗ್ಗೆ ಹೇಳಿದೆ.

‘ಏನಯ್ಯಾ, ನಿನ್ನನ್ನೂ ಸೇರಿಸಿಕೊಂಡರಾ?’

‘ಅಯ್ಯೋ ಹಾಗಲ್ಲ ಭಾವ, ಒಂದು ಸಲ ಕೇಳಿ, ನಿಮಗೇ ಗೊತ್ತಾಗುತ್ತೆ.’

ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, ‘ತಡಿ ಮಾರಾಯ, ಒಲೆ ಮೇಲೆ ಹಾಲಿಟ್ಟಿದ್ದೀನಿ’ ಎಂದರು.