ಪುಕ್ಕಟೆ ಕೊಟ್ಟರೂ ಬೇಡ, ಕದ್ದದ್ದೇ ಬೇಕು

ಮಂಡ್ಯ, ಮದ್ದೂರು, ಮಳವಳ್ಳಿ, ಯಾವ ಊರಿನ ತಾಲ್ಲೂಕು ಕಚೇರಿಯ ಎದುರಿಗಾದರೂ ನಿಂತು ನೋಡಿ. ಒಂದು ಜೆರಾಕ್ಸ್ ಅಂಗಡಿ, ಅದರ ಪಕ್ಕ ಇನ್ನೊಂದು. ಒಳಗಿನ ಕಂಪ್ಯೂಟರಿನ ಬಲಮೂಲೆಯಲ್ಲಿ ‘ಆಕ್ಟಿವೇಟ್ ವಿಂಡೋಸ್’ ಎಂಬ ಮಸುಕು ವಿನಂತಿ ವರ್ಷಗಟ್ಟಲೆಯಿಂದ ನಿಂತೇ ಇರುತ್ತದೆ. ಆ ಕಳ್ಳಮಾಲಿನ ಮೇಲೆಯೇ ಟೈಪಾಗುವುದು ಅಫಿಡವಿಟ್ಟು: ‘ನಾನು ಹೇಳಿದ್ದೆಲ್ಲ ಸತ್ಯ’ ಎಂದು.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ರ ಕೈಬಿಟ್ಟಿತು. 11 ಹಾಕೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಹಳೇ ಇಂಟೆಲ್ ಚಿಪ್ಪುಗಳಿಗೆ ಪ್ರವೇಶವಿಲ್ಲ. ಲೈನಕ್ಸ್ ಮಿಂಟ್ ಎಂಬ ಕಾರ್ಯಾಚರಣಾ ವ್ಯವಸ್ಥೆಗೆ ಈ ಜಾತಿಭೇದವಿಲ್ಲ. ಪೆನ್‌ಡ್ರೈವಿನಿಂದಲೇ ಓಡಿಸಿ, ಹಿಡಿಸಿದರೆ ಹಾಕಿಕೊಳ್ಳಬಹುದು. ಕಾಸು ಕೊಡಬೇಕಾಗಿಲ್ಲ, ಕದಿಯಬೇಕಾಗಿಯೂ ಇಲ್ಲ.

ಇದನ್ನು ಅಂಗಡಿಯವನಿಗೆ ಹೇಳಿ ನೋಡಿ. ‘ಅದೆಲ್ಲ ಇಂಜಿನಿಯರುಗಳಿಗೆ ಕಣಣ್ಣ, ನಮ್ಗಾಗಾಕಿಲ್ಲ. ಪುಕ್ಕಟೆ ಕೊಡ್ತಾರೆ ಅಂದ್ಮೇಲೆ ಏನೋ ಮಸಲತ್ತು ಐತೆ, ಬುಡು.’ ಪುಕ್ಕಟೆಯ ಮೇಲೆ ಇಷ್ಟು ಅನುಮಾನಪಡುವ ಮನುಷ್ಯ, ‘ಮೊದಲು ಆಂಟಿವೈರಸ್ ಆಫ್ ಮಾಡಿ’ ಎನ್ನುವ ಕ್ರ್ಯಾಕ್ ಫೈಲನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾನೆ. ಮದ್ದೂರಿನಲ್ಲಿ ವಡೆ ತಿಂದು ಕಾಸು ಕೊಡದೆ ಎದ್ದವನ ಕೊರಳಪಟ್ಟಿ ಹಿಡಿಯುವವನೂ ಇವನೇ.

ನಿಜವಾದ ಗಂಟು ಬೇರೆ ಕಡೆಯಿದೆ. ಹಳೇ ‘ನುಡಿ’ ತಂತ್ರಾಂಶದಲ್ಲಿ ಕೂಡಿಟ್ಟ ಕ್ರಯಪತ್ರಗಳ ಮಾದರಿ, ಅರ್ಜಿ, ಲಗ್ನಪತ್ರಿಕೆ ಎಲ್ಲ ಇಂಗ್ಲಿಷ್ ಸಂಕೇತಗಳಿಗೆ ಕನ್ನಡದ ಮುಖವಾಡ ತೊಡಿಸಿದವು. ಆ ಫಾಂಟಿಲ್ಲದ ಕಡೆ ತೆರೆದರೆ ತಲೆಗೆ ಟೋಪಿ, ಬಾಲಕ್ಕೆ ಚುಕ್ಕಿಯಿಟ್ಟ ರೋಮನ್ ಅಕ್ಷರಗಳ ಜಾತ್ರೆ. ಬೈಗುಳ ಲೈನಕ್ಸಿಗೆ! ‘ನುಡಿ’ಯಲ್ಲಿರುವ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸ ಲೈನಕ್ಸಿನಲ್ಲೂ ಇದೆ, ಬೆರಳು ಹೊಸದೇನೂ ಕಲಿಯಬೇಕಾಗಿಲ್ಲ. ಹಳೆಯದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳೂ ಉಚಿತ. (ಅದೇ ತಾನೇ ಅವುಗಳ ದೋಷ.)

2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲೇ 87ನೇ ಸಾಹಿತ್ಯ ಸಮ್ಮೇಳನ ನಡೆಯಿತು. ಕಂಪ್ಯೂಟರಿಗೆ ಕನ್ನಡ ಬರಬೇಕೆಂಬ ಮಾತು ಯಾವ ಸಮ್ಮೇಳನಕ್ಕೂ ಹೊಸದಲ್ಲ. ಆದರೆ ನಾವು ಕಳೆದುಕೊಂಡೆವೆಂದು ಗೋಳಾಡುವ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಕಂಪ್ಯೂಟರ್ ಪಾಠ ಕಲಿಯುವುದೇ ಲೈನಕ್ಸಿನ ಮೇಲೆ, ಪಠ್ಯಪುಸ್ತಕವೂ ಕನ್ನಡದಲ್ಲಿ. 2001ರಲ್ಲಿ ಐಟಿ@ಸ್ಕೂಲ್ ಎಂದು ಶುರುವಾಗಿ 2017ರಲ್ಲಿ ಕೈಟ್ ಆದ ಕೇರಳದ ಯೋಜನೆಯ ಕೆಲಸ ಅದು. ಅಲ್ಲಿ ಹತ್ತನೇ ತರಗತಿಯ ಮಗು ಪರೀಕ್ಷೆ ಬರೆಯುವ ವ್ಯವಸ್ಥೆ ಇಲ್ಲಿ ‘ಇಂಜಿನಿಯರುಗಳಿಗೆ’ ಮಾತ್ರ.

ಪ್ರಿಂಟರು ಒಂದೆರಡು ದಿನ ಮುನಿಸಿಕೊಳ್ಳಬಹುದು, ಸುಳ್ಳಲ್ಲ. ಆದರೂ ಮುಂದಿನ ಸಲ ‘ಫಾರ್ಮ್ಯಾಟ್ ಹೊಡೆಸಲು’ ಹೊರಟಾಗ ಕಡತಗಳನ್ನು ಯೂನಿಕೋಡಿಗೆ ತಂದಿಟ್ಟುಕೊಂಡು, ಮಿಂಟ್ ಹಾಕಿಕೊಡಿ ಎಂದು ಕೇಳಿ. ಲೆಕ್ಕಪತ್ರಕ್ಕೆ ಟ್ಯಾಲಿ ಬೇಕೇಬೇಕು ಎನ್ನುವವರು ವಿಂಡೋಸನ್ನೇ ಇಟ್ಟುಕೊಳ್ಳಲಿ, ದುಡ್ಡು ಕೊಟ್ಟು.