ಎರಡು ಬೆಂಕಿಕಡ್ಡಿಗಳ ಮಹಿಮೆ

ನಮ್ಮ ಮನೆ ಕಟ್ಟುತ್ತಿರುವ ಮೇಸ್ತ್ರಿಯವರು ಪ್ಲಗ್ಗಿಗೆ ಕಾಸು ದಂಡ ಮಾಡುವವರಲ್ಲ. ವೈರಿನ ತುದಿಯನ್ನು ಹಲ್ಲಿನಲ್ಲೇ ಸುಲಿದು, ತಾಮ್ರದ ಎಳೆಗಳನ್ನು ಬತ್ತಿಯಂತೆ ಹೊಸೆದು, ಸಾಕೆಟ್ಟಿನ ಎರಡು ತೂತಿಗೆ ಇಳಿಸಿ, ಅಲುಗದಂತೆ ಒಂದೊಂದು ಬೆಂಕಿಕಡ್ಡಿ ಜಡಿಯುತ್ತಾರೆ. ಗ್ರೈಂಡರ್ ಗುರ್ರೆನ್ನುತ್ತದೆ. ಮೂರನೇ ಕಡ್ಡಿಯಲ್ಲಿ ಬೀಡಿ ಹಚ್ಚುತ್ತಾರೆ. ಒಂದೇ ಪೊಟ್ಟಣದಲ್ಲಿ ವೈರಿಂಗೂ ಆಯಿತು, ವಿರಾಮವೂ ಆಯಿತು. ಇಂಥ ಮಿತವ್ಯಯ ನನ್ನ ಮನೆಯ ಎಸ್ಟಿಮೇಟಿನಲ್ಲಿ ಬೇರೆಲ್ಲೂ ಕಂಡಿಲ್ಲ.

ಸಾಕೆಟ್ಟಿನ ಮೇಲ್ಗಡೆ ಇನ್ನೊಂದು ದೊಡ್ಡ ತೂತು ಇರುತ್ತದಲ್ಲ, ಅದು ಅರ್ಥಿನದು. ಪ್ಲಗ್ಗಿನ ಅರ್ಥ್ ಪಿನ್ನು ಉಳಿದೆರಡಕ್ಕಿಂತ ಉದ್ದ. ಮೊದಲು ಅದೇ ಒಳಹೊಕ್ಕು ಕೆಳಗಿನ ಶಟರ್ ತೆರೆಯಬೇಕು. ಮೇಸ್ತ್ರಿಯವರು ಆ ಗೌರವವನ್ನು ಸ್ಕ್ರೂಡ್ರೈವರಿಗೆ ಕೊಟ್ಟಿದ್ದಾರೆ. ಹಸಿರು ವೈರನ್ನಂತೂ ಅವರು ಎಂದೋ ಕೆಲಸದಿಂದ ತೆಗೆದುಹಾಕಿದ್ದಾರೆ. ಕಾರಣ ಕೇಳಿದೆ. "ಅದರಲ್ಲಿ ಕರೆಂಟೇ ಬರಲ್ಲ ಸಾರ್, ಸುಮ್ನೆ ಇರುತ್ತೆ" ಎಂದರು. ನಿಜ. ಕ್ಯೂರಿಂಗ್ ಪಂಪಿನ ಕಬ್ಬಿಣದ ಮೈಗೆ ಒಳಗಿನ ವೈರು ತಾಗುವ ದಿನದವರೆಗೂ ಅದು ಸುಮ್ಮನೇ ಇರುತ್ತದೆ. ದುಡಿಯದವನಿಗೆ ಕೂಲಿ ಕೊಡುವ ಪದ್ಧತಿ ನಮ್ಮ ಸೈಟಿನಲ್ಲಿಲ್ಲ.

ಎಲೆಕ್ಟ್ರಿಷಿಯನ್ ಒಬ್ಬ ಮೊದಲಿಗೆ ಬೋರ್ಡಿನಲ್ಲಿ ಆರ್‌ಸಿಸಿಬಿ ಎಂಬ ಡಬ್ಬಿ ಕೂರಿಸಿಹೋಗಿದ್ದ. ಶುದ್ಧ ಶಾನುಭೋಗರ ಜಾತಿಯ ಯಂತ್ರ ಅದು. ಹೋದ ಕರೆಂಟಿಗೂ ವಾಪಸು ಬಂದ ಕರೆಂಟಿಗೂ ಸದಾ ತಾಳೆ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಲೆಕ್ಕಕ್ಕೆ ಸಿಗಲಿಲ್ಲವೋ, ಯಾರದೋ ಮೈಮೂಲಕ ಭೂಮಿಗೆ ಸೋರಿತೆಂದು ಅನುಮಾನಿಸಿ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನೇ ಕಡಿದುಬಿಡುತ್ತದೆ. ಮಳೆ ಬಂದಾಗಲೆಲ್ಲ ಅದು ಟ್ರಿಪ್ ಆಗತೊಡಗಿತು. ಮೇಸ್ತ್ರಿಯವರು ಎರಡು ದಿನ ತಾಳಿಕೊಂಡರು. ಮೂರನೇ ದಿನ "ಸುಮ್‌ಸುಮ್ನೆ ಬೀಳ್ತಿತ್ತು, ಡೈರೆಕ್ಟ್ ಮಾಡ್ದೆ" ಎಂದರು. ಕಳ್ಳ ಬಂದಾಗಲೆಲ್ಲ ಬೊಗಳುವ ನಾಯಿಯನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ?

ಎಂಸಿಬಿ ಇದೆಯಲ್ಲ ಎಂದು ಧೈರ್ಯ ತಂದುಕೊಂಡೆ. 16 ಆಂಪಿಯರಿನದು. ಅಂದರೆ ಆರ್‌ಸಿಸಿಬಿ ಬೆಚ್ಚಿಬೀಳುವ ಪ್ರಮಾಣದ ಐನೂರು ಪಟ್ಟು ದಾಟಿದರೂ ಅದು ಅಲ್ಲಾಡುವುದಿಲ್ಲ. ವೈರು ಸುಟ್ಟುಹೋಗದಂತೆ ನೋಡಿಕೊಳ್ಳುವುದು ಅದರ ಡ್ಯೂಟಿ. ವೈರು ಹಿಡಿದವನ ಉಸಾಬರಿ ಅದಕ್ಕೆ ಸೇರಿದ್ದಲ್ಲ.

ಇಂಗ್ಲೆಂಡಿನ ಸೈಟುಗಳ ಬಡತನ ನೆನೆದರೆ ಅಯ್ಯೋ ಅನಿಸುತ್ತದೆ. ಅಲ್ಲಿ ಡ್ರಿಲ್ಲು, ಗ್ರೈಂಡರುಗಳಿಗೆ ಹಳದಿ ಟ್ರಾನ್ಸ್‌ಫಾರ್ಮರಿನಿಂದ 110 ವೋಲ್ಟು ಮಾತ್ರ ಅಳೆದು ಕೊಡುತ್ತಾರೆ. ಅದರ ನಡುಬಿಂದುವನ್ನೂ ಅರ್ಥ್ ಮಾಡಿರುವುದರಿಂದ ನೆಲದ ಮೇಲೆ ನಿಂತು ಒಂದು ವೈರು ಮುಟ್ಟಿದವನ ಪಾಲಿಗೆ ಬರುವುದು ಬರೀ 55 ವೋಲ್ಟು. ಎಂಥ ಜಿಪುಣತನ! ನಮ್ಮಲ್ಲಿ ಹಾಗೆ ಭೇದಭಾವ ಮಾಡುವುದಿಲ್ಲ. ಯಜಮಾನ ಮುಟ್ಟಲಿ, ಜಲ್ಲಿ ಹೊರುವವಳು ಮುಟ್ಟಲಿ, ಪೂರ್ತಿ 230.

ಮೊನ್ನೆ ಟೈಲ್ಸ್ ಕೆಲಸ ನೋಡಲು ಹೋಗಿದ್ದೆ. ಇಪ್ಪತ್ತು ದಾಟದ ಹುಡುಗ ಬರಿಗಾಲಲ್ಲಿ ಕುಕ್ಕರುಗಾಲಿನಲ್ಲಿ ಕೂತು ಗ್ರಾನೈಟ್ ಕೊಯ್ಯುತ್ತಿದ್ದ. ಧೂಳು ಏಳದಿರಲೆಂದು ಇನ್ನೊಬ್ಬ ಬಾಟಲಿಯ ಮುಚ್ಚಳಕ್ಕೆ ತೂತು ಕೊರೆದು ಬ್ಲೇಡಿಗೆ ನೀರು ಪಿಚಕಾರಿ ಹಾರಿಸುತ್ತಿದ್ದ. ಬೂದು ರಾಡಿ ಹುಡುಗನ ಹಿಮ್ಮಡಿವರೆಗೆ ಬಂದಿತ್ತು. ಅದರಲ್ಲೇ ಹಾವಿನಂತೆ ಮಲಗಿದ್ದ ವೈರಿನಲ್ಲಿ ನಾಲ್ಕು ಜಾಯಿಂಟು. ಮೂರಕ್ಕೆ ಇನ್ಸುಲೇಷನ್ ಟೇಪು, ಟೇಪು ಮುಗಿದದ್ದರಿಂದ ನಾಲ್ಕನೆಯದಕ್ಕೆ ಹಾಲಿನ ಕವರು. ಕಟ್ಟರಿನ ಮೈಮೇಲೆ ಚೌಕದೊಳಗೊಂದು ಚೌಕದ ಗುರುತಿತ್ತು. ಒಳಗೆ ಎರಡು ಪದರ ಇನ್ಸುಲೇಷನ್ ಇದೆ, ಅರ್ಥ್ ಬೇಡ ಎಂದು ಅದರ ಅರ್ಥ. ಗಾಳಿಕಿಂಡಿಯಿಂದ ರಾಡಿ ಒಳಹೋದರೆ ಎರಡೂ ಪದರ ಒದ್ದೆ ಎಂಬುದು ಕಂಪನಿಯವರ ಕೊರಗು, ನಮ್ಮದಲ್ಲ.

"ಶಾಕ್ ಹೊಡೆಯಲ್ವೇನೋ?" ಎಂದೆ. "ಜುಂ ಅನ್ನುತ್ತೆ ಅಣ್ಣ, ಅಭ್ಯಾಸ ಆಗಿದೆ" ಎಂದು ನಕ್ಕ. ಕರೆಂಟಿಗೂ ಅವನ ಅಭ್ಯಾಸ ಆಗಿರಬೇಕು. ಹತ್ತಿಪ್ಪತ್ತು ಮಿಲಿಆಂಪಿಯರಿಗೆಲ್ಲ ಕೈಯ ಸ್ನಾಯು ಬಿಗಿದುಕೊಂಡು ಹಿಡಿದದ್ದನ್ನು ಬಿಡಲಾಗುವುದಿಲ್ಲ. ಕೆಲಸ ಬಿಟ್ಟು ಓಡುವ ಆಳುಗಳಿಂದ ಬೇಸತ್ತ ಮಾಲೀಕರು ಇದನ್ನು ಗಮನಿಸಬೇಕು.

ಹಾಗೆಂದು ಮೇಸ್ತ್ರಿಯವರಿಗೆ ಸುರಕ್ಷತೆಯ ಚಿಂತೆಯೇ ಇಲ್ಲವೆನ್ನಲಾಗದು. ಲೈನಿನಲ್ಲಿ ಕರೆಂಟಿದೆಯೇ ಎಂದು ಬೆರಳಿನ ಹಿಂಬದಿಯಿಂದಲೇ ಮುಟ್ಟಿ ನೋಡುತ್ತಾರೆ. ಆಯುಧಪೂಜೆಗೆ ಗಾರ್ಡಿಲ್ಲದ ಗ್ರೈಂಡರಿಗೂ ಹಾಲಿನ ಕವರಿನ ಜಾಯಿಂಟಿಗೂ ಅರಿಸಿನ, ಕುಂಕುಮ, ಹೂವು ಏರಿಸಿ, ಬೋರ್ಡಿನ ಮುಂದೆ ಬೂದುಗುಂಬಳ ಒಡೆದರು. ಪೂಜೆಯ ಖರ್ಚು ನಾನು ಮರುಮಾತಿಲ್ಲದೆ ಕೊಟ್ಟೆ. ಅದೇ ವಾರ ಎಲೆಕ್ಟ್ರಿಷಿಯನ್ ಹೊಸ ಕೇಬಲ್ಲು, ಪ್ಲಗ್ಗು, ಅರ್ಥ್ ಗುಂಡಿಯ ಪಟ್ಟಿ ಹಿಡಿದು ಬಂದಾಗ "ಮನೆ ಮುಗಿಯಲಿ, ಒಟ್ಟಿಗೇ ನೋಡೋಣ" ಎಂದವನೂ ನಾನೇ.

ಮುಂದಿನ ತಿಂಗಳು ಗೃಹಪ್ರವೇಶ. ಎಲ್ಲರೂ ಬರಬೇಕು. ಹಿಂದುಗಡೆಯ ಟೈಲ್ಸ್ ಕೆಲಸ ಅಷ್ಟರಲ್ಲಿ ಮುಗಿಯುವಂತೆ ಕಾಣುವುದಿಲ್ಲ. ದಯವಿಟ್ಟು ಚಪ್ಪಲಿ ಬಿಚ್ಚದೆ ಒಳಗೆ ಬನ್ನಿ.